ತೊಡೆಯೋ ಮಣಿಕಟ್ಟೋ: ಆಂಜಿಯೋಗ್ರಾಮ್ ಮುಗಿದ ಮೇಲಿನ ಕಾವಲು

ಆಂಜಿಯೋಗ್ರಾಮ್‌ಗೆ ಬಂದವರು ಆ ಪರೀಕ್ಷೆ ನಡೆಯುವ ನಮ್ಮ ಕ್ಯಾತ್ ಲ್ಯಾಬಿನಲ್ಲಿ ಮೊದಲು ಕೇಳುವುದು, "ಸಿಸ್ಟರ್, ಕೈಯಲ್ಲಿ ಮಾಡುತ್ತಾರೋ, ತೊಡೆಯಲ್ಲೋ?" ಎಂದು. ನೋವಿನ ಭಯದಿಂದ ಹುಟ್ಟಿದ್ದರೂ ಅದು ಸರಿಯಾದ ಪ್ರಶ್ನೆಯೇ, ಏಕೆಂದರೆ ಅಪಧಮನಿಯನ್ನು ಎಲ್ಲಿ ಚುಚ್ಚಿದ್ದಾರೆ ಎಂಬುದರ ಮೇಲೆಯೇ ಮುಂದಿನ ಗಂಟೆಗಳಲ್ಲಿ ದಾದಿಯರಾದ ನಾವು ಏನನ್ನು ಗಮನಿಸಬೇಕು ಎಂಬುದು ನಿಂತಿದೆ. ಸ್ವೀಡನ್ನಿನ ವೈದ್ಯ ಸೆಲ್ಡಿಂಗರ್ 1953ರಲ್ಲಿ ಪ್ರಕಟಿಸಿದ ವಿಧಾನವೇ ಎರಡೂ ಕಡೆಗೆ ಆಧಾರ: ಸೂಜಿಯಿಂದ ಚುಚ್ಚಿ, ಅದರೊಳಗಿಂದ ತಂತಿ ತೂರಿಸಿ, ಸೂಜಿಯನ್ನು ತೆಗೆದು, ತಂತಿಯ ಮೇಲೆ ನಳಿಕೆಯನ್ನು (ಕ್ಯಾತೆಟರ್) ಒಳಗೆ ಜಾರಿಸುವುದು. ಆದರೆ ಎರಡೂ ಕಡೆ ಆಗುವ ಅಪಾಯ ಒಂದೇ ಅಲ್ಲ.

ಮಣಿಕಟ್ಟಿನ ರೇಡಿಯಲ್ ಅಪಧಮನಿಯ ಮೂಲಕ ಹೃದಯದ ಆಂಜಿಯೋಗ್ರಾಮ್ ಮಾಡಬಹುದೆಂದು ಕೆನಡಾದ ವೈದ್ಯ ಕಾಂಪೋ 1989ರಲ್ಲಿ ತೋರಿಸಿದರು. ಈ ರಕ್ತನಾಳ ಚರ್ಮದ ಅಡಿಯಲ್ಲೇ, ಮೂಳೆಗೆ ಒತ್ತಿಕೊಂಡಂತೆ ಇರುವುದರಿಂದ ರಕ್ತ ಸುಲಭವಾಗಿ ನಿಲ್ಲುತ್ತದೆ. ಹೃದಯಾಘಾತದ ಲಕ್ಷಣಗಳಿಂದ ಬಂದ 8404 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಮ್ಯಾಟ್ರಿಕ್ಸ್ ಅಧ್ಯಯನದಲ್ಲೂ ತೊಡೆಗಿಂತ ಮಣಿಕಟ್ಟಿನ ದಾರಿಯಲ್ಲಿ ದೊಡ್ಡ ರಕ್ತಸ್ರಾವ ಕಡಿಮೆಯಿತ್ತು. ಇಲ್ಲಿಯ ತೊಂದರೆ ಸದ್ದಿಲ್ಲದ್ದು. ಸುಮಾರು 2ರಿಂದ 3 ಮಿ.ಮೀ. ಅಗಲದ ನಾಳದಲ್ಲಿ 2 ಮಿ.ಮೀ. ದಪ್ಪದ ಕ್ಯಾತೆಟರ್ ಓಡಾಡಿದ ಮೇಲೆ, ರಕ್ತ ನಿಲ್ಲಿಸಲು ಮಣಿಕಟ್ಟಿಗೆ ಕಟ್ಟುವ, ಗಾಳಿ ತುಂಬುವ ಬ್ಯಾಂಡನ್ನು ವಿಪರೀತ ಬಿಗಿದರೆ ನಾಳ ಒಳಗೇ ಮುಚ್ಚಿಹೋಗಬಹುದು. ಅಂಗೈಗೆ ಕಿರುಬೆರಳಿನ ಕಡೆಯ ಅಲ್ನಾರ್ ಅಪಧಮನಿಯಿಂದಲೂ ರಕ್ತ ಬರುವುದರಿಂದ ರೋಗಿಗೆ ಅದು ಗೊತ್ತೇ ಆಗುವುದಿಲ್ಲ. ಆದ್ದರಿಂದ ಹೆಬ್ಬೆರಳಿಗೆ ಆಕ್ಸಿಮೀಟರ್ ಹಾಕಿ, ಆ ಅಲ್ನಾರ್ ನಾಡಿಯನ್ನು ಒತ್ತಿ ಹಿಡಿದು, ಪರದೆಯ ಮೇಲಿನ ಅಲೆ ಉಳಿದಿದೆಯೇ ಎಂದು ನೋಡುತ್ತೇವೆ. ಅಲೆ ಮಾಯವಾದರೆ, ರಕ್ತ ಒಸರದ ಮಿತಿಯಲ್ಲಿ ಬ್ಯಾಂಡಿನ ಗಾಳಿಯನ್ನು ಸ್ವಲ್ಪ ಇಳಿಸಬೇಕು. ಮುಂಗೈ ಉಬ್ಬಿ ಬಿಗಿಯುತ್ತಾ, ಬೆರಳು ಚಾಚಿದರೆ ನೋವು ಹೆಚ್ಚುತ್ತಿದ್ದರೆ, ತಂತಿ ಮೇಲೆಲ್ಲೋ ಕವಲು ನಾಳವನ್ನು ಹರಿದಿರಬಹುದೆಂದು ಶಂಕಿಸಿ ತಕ್ಷಣ ವೈದ್ಯರನ್ನು ಕರೆಯಬೇಕು.

ತೊಡೆಸಂದಿನ ವಿಷಯದಲ್ಲಿ ನನಗೆ ಹೆಚ್ಚಿನ ಎಚ್ಚರ. ಫೆಮೊರಲ್ ಅಪಧಮನಿಯನ್ನು ತೊಡೆಮೂಳೆಯ ಗುಂಡಿನ ಎದುರಿಗೆ ಚುಚ್ಚಿದರೆ ಮಾತ್ರ, ಹಿಂದೆ ಗಟ್ಟಿ ಮೂಳೆ ಇರುವುದರಿಂದ ಒತ್ತಿ ರಕ್ತ ನಿಲ್ಲಿಸಬಹುದು. ಚರ್ಮದ ಮಡಿಕೆಯನ್ನು ನಂಬಿದರೆ, ಅದರಲ್ಲೂ ಸ್ಥೂಲಕಾಯದವರಲ್ಲಿ, ಗುರಿ ತಪ್ಪುತ್ತದೆ. ಎಕ್ಸ್‌ರೇ ಪರದೆಯಲ್ಲಿ ಮೂಳೆಯನ್ನು ಗುರುತಿಸಿಕೊಂಡು, ಅಲ್ಟ್ರಾಸೌಂಡಿನಲ್ಲಿ ನಾಳವನ್ನು ಕಂಡು ಚುಚ್ಚುವುದು ಅದಕ್ಕೇ. ತೀರ ಕೆಳಗೆ ಚುಚ್ಚಿದಾಗ ನಾಳದ ಪಕ್ಕದಲ್ಲಿ ಮಿಡಿಯುವ ಗಂಟು, ಅಂದರೆ ಸೂಡೋಅನ್ಯೂರಿಸಂ, ಕಾಣಿಸಿಕೊಳ್ಳುವ ಸಾಧ್ಯತೆ ಹೆಚ್ಚು. ತೀರ ಮೇಲೆ ಚುಚ್ಚಿದರೆ ರಕ್ತ ಹೊಟ್ಟೆಯ ಹಿಂಭಾಗದಲ್ಲಿ ಸೇರುತ್ತದೆ, ತೊಡೆಯ ಪಟ್ಟಿ ಒಣಗಿಯೇ ಇರುತ್ತದೆ. ಆಗ ಸುಳಿವು ಕೊಡುವುದು ರೋಗಿಯ ಮಾತು: ಸೊಂಟ ಎಳೆಯುತ್ತಿದೆ, ಪಕ್ಕೆ ನೋಯುತ್ತಿದೆ, ಯಾಕೋ ಬೆವರುತ್ತಿದೆ. ಗಂಟೆಗಟ್ಟಲೆ ಅಂಗಾತ ಮಲಗಿದವರಿಗೆ ಸೊಂಟನೋವು ಸಹಜವೆಂದು ಬಿಡದೆ, ಬಿಪಿ ಇಳಿಯುತ್ತಿದೆಯೇ, ನಾಡಿ ಏರುತ್ತಿದೆಯೇ ಎಂದು ಮತ್ತೆ ನೋಡಲೇಬೇಕು.

ಕ್ಯಾತೆಟರ್ ಓಡಾಡಲು ನಾಳದ ಬಾಯಿಯಲ್ಲಿ ಇಟ್ಟಿರುವ ಗಿಡ್ಡ ಕೊಳವೆ, ಅಂದರೆ ಶೀತ್, ತೆಗೆಯುವಾಗ ಹೊಸಬರಿಗೆ ನಾನು ಮೊದಲು ಹೇಳಿಕೊಡುವುದು ಕೈ ಇಡುವ ಜಾಗವನ್ನು. ಸೂಜಿ ಓರೆಯಾಗಿ ಮೇಲಕ್ಕೆ ಹೋಗಿರುವುದರಿಂದ ನಾಳದ ತೂತು ಚರ್ಮದ ತೂತಿಗಿಂತ ಮೇಲಿರುತ್ತದೆ. ಬೆರಳು ಒತ್ತಬೇಕಾದದ್ದು ಅಲ್ಲಿ.

ಮೊಣಕೈ ಮಡಿಕೆಯ ಬ್ರೇಕಿಯಲ್ ದಾರಿ ಈಗ ಅಪರೂಪ. ಪಕ್ಕದಲ್ಲೇ ಮೀಡಿಯನ್ ನರ ಇರುವುದರಿಂದ ಅಲ್ಲಿ ರಕ್ತ ಸೇರಿ ಆಗುವ ಸಣ್ಣ ಬಾವು ಕೂಡ ಕೈಬೆರಳುಗಳ ಶಕ್ತಿಯನ್ನು ಕಸಿಯಬಲ್ಲದು.

ಮೂತ್ರಪಿಂಡದ ಕಾಯಿಲೆ ಇರುವವರ ವಿಷಯವನ್ನು ಚುಚ್ಚುವ ಮೊದಲೇ ವೈದ್ಯರ ಗಮನಕ್ಕೆ ತರುತ್ತೇನೆ, ಏಕೆಂದರೆ ಮುಂದೆ ಡಯಾಲಿಸಿಸ್‌ನ ಫಿಸ್ಟುಲಾಕ್ಕೆ (ಅಪಧಮನಿ ಮತ್ತು ಅಭಿಧಮನಿಯನ್ನು ಹೊಲಿದು ಮಾಡುವ ಜೋಡಣೆ) ಮಣಿಕಟ್ಟಿನ ಅದೇ ನಾಳ ಬೇಕಾಗಬಹುದು. ವಾರ್ಡಿಗೆ ಕಳುಹಿಸುವ ಚೀಟಿಯಲ್ಲಿ ಯಾವ ಕಡೆ, ಯಾವ ನಾಳ, ಎಷ್ಟು ಫ್ರೆಂಚಿನ (ದಪ್ಪದ ಅಳತೆ) ಶೀತ್, ರಕ್ತ ಹೆಪ್ಪುಗಟ್ಟದಂತೆ ಎಷ್ಟು ಹೆಪಾರಿನ್, ಎಷ್ಟು ಸಲ ಚುಚ್ಚಬೇಕಾಯಿತು ಎಂಬುದನ್ನೆಲ್ಲ ಬರೆಯುತ್ತೇವೆ. ಕೊನೆಯದನ್ನು ಬಿಟ್ಟುಬಿಡುವುದು ಸುಲಭ, ಆದರೆ ರಾತ್ರಿ ಪಾಳಿಯವರು ಯಾರ ಹಾಸಿಗೆಯ ಬಳಿ ಹೆಚ್ಚು ಸಲ ಹೋಗಬೇಕೆಂದು ತಿಳಿಸುವುದು ಅದೇ.