ರೇಟ್ ಹಾಕುವ ಮುಂಚೆ ಇನ್ಶೂರೆನ್ಸ್ ಪುಟ ಓದಿ

ಪೀಣ್ಯದ ಫ್ಯಾಕ್ಟರಿಗಳಿಗೆ ಶೆಡ್, ರೂಫ್ ಶೀಟ್, ಸಣ್ಣಪುಟ್ಟ ಫ್ಯಾಬ್ರಿಕೇಶನ್ ಮಾಡಿಕೊಡುವುದು ನನ್ನ ಕೆಲಸ. ನಮ್ಮ ಲೈನಿನಲ್ಲಿ ರೇಟಿಗೆ ಎಲ್ಲರೂ ಜಗ್ಗಾಡುತ್ತಾರೆ, ವರ್ಕ್ ಆರ್ಡರ್‌ನ ಇನ್ಶೂರೆನ್ಸ್ ಷರತ್ತು ಓದುವವರು ಕಮ್ಮಿ. ಕೊನೆಗೆ ಸೇಫ್ಟಿಯವರು "ಡಬ್ಲ್ಯೂಸಿ ಪಾಲಿಸಿ ಇಲ್ಲದೆ ಗೇಟ್ ಪಾಸ್ ಇಲ್ಲ" ಅನ್ನುತ್ತಾರೆ. ಡಬ್ಲ್ಯೂಸಿ ಅಂದರೆ ಕೆಲಸದಲ್ಲಿ ನಮ್ಮ ಹುಡುಗರಿಗೆ ಏಟಾದರೆ ಪರಿಹಾರ ಕೊಡುವ ಇನ್ಶೂರೆನ್ಸ್. ಅದರ ಪ್ರೀಮಿಯಂ ನಮ್ಮ ಲಾಭದಿಂದಲೇ ಹೋಗಬೇಕು. ನಾನು ಆ ಪುಟ ನೋಡದೆ ಕೊಟೇಶನ್ ಕೊಡುವುದಿಲ್ಲ, ಪ್ರೀಮಿಯಂ ಬೇರೆ ಸಾಲಿನಲ್ಲೇ ತೋರಿಸುತ್ತೇನೆ.

ಕಂಪನಿಯವರು ಸುಮ್ನೆ ಕಾಟ ಕೊಡುವುದಲ್ಲ. ನಮ್ಮ ಹುಡುಗನಿಗೆ ಏಟಾದರೆ ಅವನು ಪರಿಹಾರಕ್ಕೆ ನೇರ ಕಂಪನಿಯನ್ನೇ ಹಿಡಿಯಬಹುದು. ಕಂಪನಿ ಕೊಟ್ಟು, ಆಮೇಲೆ ನಮ್ಮಿಂದ ವಸೂಲಿ ಮಾಡಬಹುದು. 1923ರ ಪರಿಹಾರ ಕಾಯಿದೆಯಲ್ಲೇ ಇದ್ದ ನಿಯಮ ಇದು.

"ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಇದ್ದರೆ ಸಾಕು, ಡಬ್ಲ್ಯೂಸಿ ಯಾಕೆ" ಎನ್ನುವವರೂ ಇದ್ದಾರೆ. ಆದರೆ ತಿಂಗಳ ಸಂಬಳ 21,000 ರೂಪಾಯಿ ದಾಟಿದವರು ಇಎಸ್‌ಐಗೆ ಬರುವುದಿಲ್ಲ. ಒಳ್ಳೆ ವೆಲ್ಡರ್ ಅಷ್ಟಕ್ಕೆ ಸಿಗುತ್ತಾನಾ?

ಡಬ್ಲ್ಯೂಸಿ ಪಾಲಿಸಿ ಬಂದ ತಕ್ಷಣ ಫೈಲಿಗೆ ಸೇರಿಸಬೇಡಿ, ಶೆಡ್ಯೂಲ್ ತೆಗೆದು ಓದಿ. ಎಷ್ಟು ಜನ, ಯಾವ ಜಾಗ, ಯಾವ ಕೆಲಸ, ಎಷ್ಟು ಸಂಬಳ ಅಂತ ಅದರಲ್ಲಿರುತ್ತದೆ. ಕೆಲವು ಏಜೆಂಟರು ಪ್ರೀಮಿಯಂ ಇಳಿಸಲು "ಸಂಬಳ ಕಮ್ಮಿ ತೋರಿಸೋಣ ಅಣ್ಣ" ಅನ್ನುತ್ತಾರೆ. 24,000 ಕೊಡುವವನಿಗೆ 12,000 ತೋರಿಸಿದರೆ ಕ್ಲೇಮ್ ದಿನ ದುಡ್ಡು ಕತ್ತರಿಸುತ್ತಾರೆ, ಉಳಿದದ್ದು ನಮ್ಮ ತಲೆ ಮೇಲೆ. ರೂಫ್ ಮೇಲೆ ಹತ್ತುವ ಹುಡುಗರಿಗೆ ಬರೀ "ವೆಲ್ಡಿಂಗ್" ಎಂದು ಬರೆಸಿದರೂ ತಕರಾರು ಬರುತ್ತದೆ. ಆಸ್ಪತ್ರೆ ಖರ್ಚಿನ ಕವರ್ ಎಷ್ಟೋ ಪಾಲಿಸಿಗಳಲ್ಲಿ ಕೇಳಿ ಸೇರಿಸಿದರೆ ಮಾತ್ರ ಇರುತ್ತದೆ.

ಇನ್ನೊಂದು. ಡಬ್ಲ್ಯೂಸಿ ನಮ್ಮ ಜನಕ್ಕೆ ಮಾತ್ರ. ಮೇಲಿಂದ ಸ್ಪ್ಯಾನರ್ ಜಾರಿ ಕಂಪನಿಯ ಸಿಎನ್‌ಸಿ ಮಷಿನ್ ಮೇಲೆ ಬಿದ್ದರೆ ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಅದಕ್ಕೆ ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್ ಪಾಲಿಸಿ (ನಾವು ಮಾಡುವ ಕೆಲಸಕ್ಕೆ ಆಗುವ ಹಾನಿಯ ಇನ್ಶೂರೆನ್ಸ್) ತೆಗೆದರೂ, ಸುತ್ತಲಿರುವ ಮಾಲೀಕರ ಆಸ್ತಿಗೆ ಕವರ್ ಇದೆಯಾ ಅಂತ ಬೇರೆಯಾಗಿ ಕೇಳಬೇಕು.

ಕೇಳಿದ್ದಕ್ಕೆಲ್ಲ ತಲೆಯಾಡಿಸಬೇಕಾಗಿಯೂ ಇಲ್ಲ. ಒಮ್ಮೆ ಮೂರು ಲಕ್ಷದ ಕೆಲಸಕ್ಕೆ ಐದು ಕೋಟಿ ಥರ್ಡ್ ಪಾರ್ಟಿ ಕವರ್, ಅಂದರೆ ಹೊರಗಿನವರಿಗೆ ಆಗುವ ನಷ್ಟದ ಕವರ್ ಕೇಳಿದ್ದರು. "ಸಾರ್, ಇದು ನಮ್ಮ ಕೆಲಸಕ್ಕೂ ಬೇಕಾ?" ಅಂದೆ. ಪರ್ಚೇಸ್‌ನವರು ನಕ್ಕು, "ಅದು ದೊಡ್ಡ ಪ್ರಾಜೆಕ್ಟ್‌ದು ಕಣ್ರೀ, ಮೇಲ್ ಹಾಕಿ" ಅಂದರು. ಹಾಕಿದೆ, ಇಳಿಸಿದರು. ಒಪ್ಪಿದ್ದನ್ನು ಮಾತ್ರ ಫೋನಿನಲ್ಲಿ ಬಿಡದೆ ಮೇಲ್‌ನಲ್ಲೇ ತರಿಸಿಕೊಳ್ಳಿ. ಬಿಲ್ ಪಾಸ್ ಮಾಡುವವರು ಬೇರೆ ಡಿಪಾರ್ಟ್‌ಮೆಂಟ್, ಅವರ ಕೈಯಲ್ಲಿರುವುದು ಹಳೇ ಷರತ್ತೇ.