ಹಾಲ್ ಟಿಕೆಟ್ ಕಳೆದುಹೋದ ಕನಸು

ಮಕ್ಕಳೇ ಎಸ್ಸೆಸ್ಸೆಲ್ಸಿಗೆ ಬಂದಿರ್ತಾರೆ, ಆದ್ರೂ ಕನಸಲ್ಲಿ ಅಪ್ಪನ ಹಾಲ್ ಟಿಕೆಟ್ಟೇ ಕಾಣೆ. ಇಲ್ಲಾಂದ್ರೆ 625ಕ್ಕೆ ಎಷ್ಟು ಅಂತ ನೋಡೋಕೆ ಹೋದರೆ ಮಾರ್ಕ್ಸ್ ಕಾರ್ಡಿನ ಅಂಕಿ ನೋಡನೋಡ್ತಾ ಬದಲಾಗುತ್ತೆ. ಅದು ಅಪಶಕುನವಲ್ಲ; ಕನಸಿನಲ್ಲಿ ಅಕ್ಷರ, ಅಂಕಿ ಸಾಮಾನ್ಯವಾಗಿ ಗಟ್ಟಿಯಾಗಿ ನಿಲ್ಲೋದಿಲ್ಲ.

ಕನಸುಗಳ ಅರ್ಥ ಹುಡುಕಿದ ಮನೋವಿಜ್ಞಾನಿ ಸಿಗ್ಮಂಡ್ ಫ್ರಾಯ್ಡ್ ಒಂದು ಮಜಾ ಗಮನಿಸಿದ್ದ. ಅವನು ಫೇಲಾಗಿದ್ದು ನ್ಯಾಯವೈದ್ಯಶಾಸ್ತ್ರದಲ್ಲಿ. ಕನಸಲ್ಲಿ ಕಾಡ್ತಿದ್ದದ್ದು ಮಾತ್ರ ಪಾಸಾಗಿದ್ದ ಸಸ್ಯಶಾಸ್ತ್ರ, ರಸಾಯನಶಾಸ್ತ್ರ! 'ಆಗಲೂ ಹೆದರಿದ್ದೆ, ದಾಟಿದೆಯಲ್ಲ' ಅನ್ನೋ ಸಮಾಧಾನ ಇದು ಅಂದ. ಎಲ್ಲರಿಗೂ ಹೊಂದುತ್ತೆ ಅನ್ನೋಕಾಗಲ್ಲ, ಆದ್ರೆ 'ಮುಂದೆ ಸೋಲ್ತೀರಿ' ಅನ್ನೋ ಯೂಟ್ಯೂಬ್ ಭವಿಷ್ಯಕ್ಕಿಂತ ವಾಸಿ. 2014ರಲ್ಲಿ ಪ್ರಕಟವಾದ ಪ್ಯಾರಿಸ್‌ನ ಅಧ್ಯಯನದಲ್ಲಿ 719 ವೈದ್ಯಕೀಯ ವಿದ್ಯಾರ್ಥಿಗಳ ಪೈಕಿ ಸುಮಾರು 60% ಮಂದಿಗೆ ಪರೀಕ್ಷೆಯ ಹಿಂದಿನ ರಾತ್ರಿ ಅದರದ್ದೇ ಕನಸು. ಹೆಚ್ಚಿನವು ತಡವಾಯ್ತು, ಉತ್ತರ ಮರೆತ್ಹೋಯ್ತು ಅನ್ನೋವೇ. ಕನಸು ಕಂಡವರ ಅಂಕವೇ ಸರಾಸರಿ ಜಾಸ್ತಿ!

ಎದ್ದ ತಕ್ಷಣ ಫೋನ್ ಮುಟ್ಟಬೇಡಿ, ಕನಸು ಆವಿಯಾಗುತ್ತೆ. ಮೂರೇ ಸಾಲು ಬರೀರಿ: ಅಂಕ ಕೊಡ್ತಿದ್ದವರು ಯಾರು, ಕೈಯಲ್ಲಿ ಏನಿರಲಿಲ್ಲ, ಈ ವಾರ ನಿಮ್ಮನ್ನು ಯಾರು ಅಳೀತಿದ್ದಾರೆ. ಬಹಳ ಸಲ ಮೂರನೇ ಸಾಲಲ್ಲಿ ಆಫೀಸಿನ ಅಪ್ರೈಸಲ್ಲೋ, ಬ್ಯಾಂಕಿನ ಸಾಲದ ಅರ್ಜಿಯೋ ಸಿಕ್ಕಿಬೀಳುತ್ತೆ. ಪದೇಪದೇ ಅದೇ ಕನಸಾದರೆ ಹಗಲಲ್ಲೇ ಮನಸ್ಸಲ್ಲಿ ಅದರ ಅಂತ್ಯ ಬದಲಿಸಿ ನೋಡಿ: ಮೇಲ್ವಿಚಾರಕರು ಹೊಸ ಹಾಲ್ ಟಿಕೆಟ್ ಕೊಟ್ಟರು, ಕೂತು ಬರೆದಿರಿ ಅಂತ. ದಿನಾ ಹತ್ತು ನಿಮಿಷ, ಕೆಲವು ವಾರ. ಎರಡೇ ದಿನಕ್ಕೆ ಬಿಟ್ಟರೆ ಹಳೇ ಪ್ರಶ್ನೆಪತ್ರಿಕೆಯೇ ಮತ್ತೆ ಬರುತ್ತೆ.