ಹಳೇ ಚರ್ಚಿನ ಗೇಟು, ವಾರದ ಊಟ

ಹಳೇ ಚರ್ಚಿನ ಗೇಟಿನ ಹತ್ತಿರ ನಿಂತವರು ಮೊದಲು ಕೇಳುವುದು ಒಂದೇ ಮಾತು: "ನಾವು ಒಳಗೆ ಬರಬಹುದಾ?" ಇದಕ್ಕೆ ಉತ್ತರ ಗೇಟಿನಲ್ಲೇ ಸಿಗಬೇಕು. ಹೊಸಬರನ್ನು ಬರಮಾಡಿಕೊಳ್ಳುವುದು, ವಾರಕ್ಕೊಮ್ಮೆ ಊಟ ಬಡಿಸುವುದು ಹೇಗೆಂದು ಸಭೆಯವರಿಗೆ ಹೇಳುವ ಮಾತುಗಳಿವು.

ಅಮೆರಿಕದಲ್ಲಿರುವ ಮೈಸೂರಿನವರು ಅಲ್ಲಿನ ರಸ್ತೆಬದಿಯಲ್ಲಿ ‘ಎಪಿಸ್ಕೋಪಲ್ ಚರ್ಚಿಗೆ ಸ್ವಾಗತ’ ಎಂಬ ಫಲಕ ನೋಡಿರುತ್ತಾರೆ. ಎಪಿಸ್ಕೋಪಲ್ ಅಂದರೆ ಬಿಷಪ್ಪರ ಮೇಲ್ವಿಚಾರಣೆಯಲ್ಲಿರುವ ಸಭೆ, ಆಂಗ್ಲಿಕನ್, ಅಂದರೆ ಇಂಗ್ಲೆಂಡಿನ ಚರ್ಚಿನ ಬಳ್ಳಿಯ ಕುಡಿ. ಆ ಬಳ್ಳಿ ನಮ್ಮ ಮೈಸೂರಿಗೂ ಹಬ್ಬಿದೆ. ಸಬರ್ಬನ್ ಬಸ್ ನಿಲ್ದಾಣದ ಹತ್ತಿರದ ಸೇಂಟ್ ಬಾರ್ತೊಲೊಮ್ಯು ಚರ್ಚು 1830ರ ದಶಕದ್ದು. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್ನರು, ಮೆಥಡಿಸ್ಟರು ಮೊದಲಾದ ಪ್ರಾಟೆಸ್ಟಂಟ್ ಪಂಗಡದವರು ಸೇರಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ ಆಯಿತು. ಮೆಥಡಿಸ್ಟರು 1906ರಲ್ಲಿ ಕಟ್ಟಿದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ಜನ ಈಗಲೂ ‘ಮಿಷನ್ ಆಸ್ಪತ್ರೆ’ ಎಂದೇ ಕರೆಯುತ್ತಾರೆ.

ಗೇಟಿನ ಫಲಕದಲ್ಲಿ ಆರಾಧನೆಯ ಹೊತ್ತು, ಭಾಷೆ, ಚಪ್ಪಲಿ ಬಿಡಬೇಕೋ ಬೇಡವೋ, ಈ ಮೂರೂ ಕನ್ನಡದಲ್ಲಿರಲಿ. ಚಪ್ಪಲಿಯ ಸಂಗತಿ ಸಣ್ಣದೆನಿಸಬಹುದು, ಆದರೆ ಅದು ತಿಳಿಯದೆ ಮೆಟ್ಟಿಲ ಮೇಲೇ ಹಿಂಜರಿಯುವವರು ಬಹಳ. ಬಾಗಿಲಲ್ಲಿ ಒಬ್ಬರು 20 ನಿಮಿಷ ಮೊದಲೇ ನಿಂತಿರಬೇಕು, ಆರಾಧನೆ ಶುರುವಾದ ಮೇಲೂ 15 ನಿಮಿಷ ಅಲ್ಲೇ ಇರಬೇಕು. ಹೊಸಬರು ತಡವಾಗಿಯೇ ಬರುತ್ತಾರೆ, ಅಷ್ಟು ಹೊತ್ತಿಗೆ ಸ್ವಾಗತಿಸುವವರು ಒಳಗೆ ಕೂತುಬಿಟ್ಟಿರುತ್ತಾರೆ. ಆರಾಧನೆ ಪುಸ್ತಕವನ್ನು ಆ ದಿನದ ಪುಟ ತೆರೆದೇ ಕೈಗೆ ಕೊಡಿ. ಮುಂದಿನ ಬೆಂಚಿಗೆ ಕರೆದೊಯ್ಯಬೇಡಿ. ನಡುವಿನ ಸಾಲಾದರೆ ಮುಂದಿನವರು ಏಳುವುದು ಕೂರುವುದು ನೋಡಿಕೊಂಡು ತಾವೂ ಅನುಸರಿಸಬಹುದು. ಎಲ್ಲರೆದುರು ಎಬ್ಬಿಸಿ ಹೆಸರು ಹೇಳಿಸುವುದಂತೂ ಬೇಡವೇ ಬೇಡ. ಕಾಣಿಕೆ ಚೀಲ ಕಡ್ಡಾಯವಲ್ಲ ಎಂದು ಮೊದಲೇ ತಿಳಿಸಿ. ಕರ್ತನ ಭೋಜನ, ಅಂದರೆ ಆರಾಧನೆಯಲ್ಲಿ ಕೊಡುವ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳದವರು ಎದೆಯ ಮೇಲೆ ಕೈಗಳನ್ನು ಅಡ್ಡಕ್ಕೆ ಇಟ್ಟುಕೊಂಡು ಬಂದರೆ ಅಯ್ಯನವರು, ಅಂದರೆ ಪಾದ್ರಿಗಳು, ಆಶೀರ್ವದಿಸುವ ಪದ್ಧತಿ ಆಂಗ್ಲಿಕನ್ ಸಭೆಗಳಲ್ಲಿದೆ.

ವಯಸ್ಸಾದವರಿಗೆ ಇಳಿಜಾರು ಬೇಕು. ಒಂದಡಿ ಎತ್ತರಕ್ಕೆ 12 ಅಡಿ ಉದ್ದ ಲೆಕ್ಕ. ಜಾಗ ಸಾಲದೆಂದು ಆರೇ ಅಡಿಗೆ ಮುಗಿಸಿದರೆ ಗಾಲಿಕುರ್ಚಿ ಹಿಂದಕ್ಕೆ ಜಾರುತ್ತದೆ. ಹಳೇ ಸುಣ್ಣದ ಗಾರೆ ಗೋಡೆಗೆ ಅಂಟಿಸಿ ಸಿಮೆಂಟ್ ಹಾಕಬೇಡಿ. ತೇವ ಒಳಗೇ ಉಳಿದು ಗಾರೆ ಉದುರುತ್ತದೆ. ಬಿಚ್ಚಿ ತೆಗೆಯುವಂಥ ಕಬ್ಬಿಣದ ಇಳಿಜಾರೇ ಮೇಲು.

ಇನ್ನು ಊಟ. ಕ್ರಿಸ್ಮಸ್‌ಗೆ ಒಂದು ಸಲ ಸಾವಿರ ಜನಕ್ಕೆ ಬಡಿಸುವುದಕ್ಕಿಂತ ವಾರಕ್ಕೊಂದು ದಿನ ತಪ್ಪದೆ ನೂರು ಜನಕ್ಕೆ ಬಡಿಸುವುದು ದೊಡ್ಡದು. ಬಸ್ ನಿಲ್ದಾಣದ ಕೂಲಿಯವರಿಗೆ, ಆಸ್ಪತ್ರೆಯಲ್ಲಿ ರೋಗಿಗಳ ಜೊತೆಗಿರುವವರಿಗೆ ನೆನಪಿರುವುದು ಅದೇ ವಾರ, ಅದೇ ಹೊತ್ತು. ನೂರು ಜನಕ್ಕೆ ಅಕ್ಕಿ 12 ಕಿಲೋ, ತೊಗರಿಬೇಳೆ ಮೂರೂವರೆ ಕಿಲೋ, ತರಕಾರಿ 8 ಕಿಲೋ, ಮಜ್ಜಿಗೆಗೆ ಮೊಸರು 5 ಲೀಟರ್ ಹಿಡಿಯಿರಿ. ಮಂಡ್ಯ ಕಡೆಯವರಿಗೆ ಮುದ್ದೆ ಇದ್ದರೇ ಊಟ. ರಾಗಿಹಿಟ್ಟು 10 ಕಿಲೋ ಬೇಕು, ಆದರೆ ಅಷ್ಟನ್ನೂ ಒಂದೇ ಪಾತ್ರೆಯಲ್ಲಿ ತೊಳಸಲು ಹೋದರೆ ಗಂಟು ಕಟ್ಟಿ ನಡುವೆ ಹಸಿಯಾಗಿ ಉಳಿಯುತ್ತದೆ. ಮೂರು ಸರದಿ ಮಾಡಿ, ಬಡಿಸುವ ಹೊತ್ತಿಗೇ ಕಟ್ಟಿ.

ಕೆಡುವುದು ಹೆಚ್ಚಾಗಿ ಸಾರು. ಬೆಳಿಗ್ಗೆ ಏಳಕ್ಕೇ ಮಾಡಿ ಮುಚ್ಚಿಟ್ಟ ಕಾಯಿ ಹಾಕಿದ ಸಾರು ಬೇಸಿಗೆಯ ಮಧ್ಯಾಹ್ನಕ್ಕೆ ಹಳಸಿರುತ್ತದೆ. ಬಡಿಸುವುದಕ್ಕೆ ಎರಡು ಗಂಟೆ ಮೊದಲಷ್ಟೇ ಒಲೆ ಹಚ್ಚಿ. ಕಾಯಿ ಕೊನೆಗೆ ಹಾಕಿ, ಒಂದು ಕುದಿ ಬರಿಸಿ.

ಊಟಕ್ಕೂ ಪ್ರಾರ್ಥನೆಗೂ ಗಂಟು ಹಾಕಬಾರದು. ಜಾತಿ, ಧರ್ಮ ಕೇಳಬಾರದು. ಉಣ್ಣುವವರ ಫೋಟೋ ತೆಗೆಯಬಾರದು. ಪಂಕ್ತಿಯಲ್ಲಿ ಕೂರಿಸಿ ಎಲೆ ಹಾಕಿ, ಎರಡನೇ ಸಲವೂ ನೀವೇ ಹೋಗಿ ಕೇಳಿ ಬಡಿಸಿ. ಬೇಕೆಂದು ಕೈಯೊಡ್ಡಲು ಬಹಳ ಜನಕ್ಕೆ ಸಂಕೋಚ.

ಚರ್ಚಿನ ಸುಗ್ಗಿ ಹಬ್ಬದಲ್ಲಿ ಸಭೆಯವರು ತರುವ ಅಕ್ಕಿ, ಬೇಳೆ, ತೆಂಗಿನಕಾಯಿ, ಬೆಲ್ಲ ಎಲ್ಲ ಹರಾಜಿಗೆ ಹೋಗುತ್ತದೆ. ಅದರಲ್ಲಿ ಅಕ್ಕಿ, ಬೇಳೆಯನ್ನು ಈ ಊಟಕ್ಕೆಂದೇ ಎತ್ತಿಟ್ಟರೆ ಹಲವು ವಾರದ ಖರ್ಚು ಉಳಿಯುತ್ತದೆ. ಮೊದಲ ತಿಂಗಳು ಮೂವತ್ತೇ ಜನ ಬಂದಾರು. ಆಗ ನಲವತ್ತು ಜನಕ್ಕೆ ಅಡಿಗೆ ಮಾಡಿ, ದಿನ ಮಾತ್ರ ಬದಲಾಯಿಸಬೇಡಿ.